ಮಾಲಿಬ್ಡಿನಮ್ ನೀಲಿಯ ಪೂರ್ವವೃತ್ತಾಂತ

ಕೈಗೆ ಮಸಿಯಂತೆ ಮೆತ್ತುವ ಕಾರಣದಿಂದ ಬಹುಕಾಲ ಗ್ರಾಫೈಟೆಂದೇ ಎಣಿಸಲ್ಪಟ್ಟಿದ್ದ ಮಾಲಿಬ್ಡಿನೈಟ್ ಅದಿರನ್ನು 1778ರಲ್ಲಿ ನೈಟ್ರಿಕ್ ಆಮ್ಲದೊಡನೆ ಕಾಯಿಸಿ, ಉಳಿದ ಬಿಳಿಯ ಪುಡಿಯು ಬೇರೆಯೇ ಒಂದು ಪದಾರ್ಥವೆಂದು ಗುರುತಿಸಿದವನು ಸ್ವೀಡನ್ನಿನ ಔಷಧವ್ಯಾಪಾರಿ ಕಾರ್ಲ್ ವಿಲ್ಹೆಲ್ಮ್ ಷೀಲೆ. ಅದರ ಆಮ್ಲೀಯ ದ್ರಾವಣವನ್ನು ಅಪಕರ್ಷಿಸಿದರೆ ಗಾಢವಾದ ನೀಲವರ್ಣ ತಲೆದೋರುವುದೆಂದು ಬರೆದಿಟ್ಟವನೂ ಅವನೇ. 1826ರಲ್ಲಿ ರಸಾಯನಜ್ಞ ಬರ್ಜೀಲಿಯಸ್ ಆ ನೀಲಿಗೆ ಒಂದು ಸೂತ್ರವನ್ನು ಕಟ್ಟಿದನು: ಐದು ಮಾಲಿಬ್ಡಿನಮ್ಮಿಗೆ ಹದಿನಾಲ್ಕು ಆಕ್ಸಿಜನ್, ಜೊತೆಗೆ ಒಂದಿಷ್ಟು ನೀರು. ಅಣುವಿನ ಆಕೃತಿಯ ವಿಷಯದಲ್ಲಿ ಮಾತ್ರ ಆ ಸೂತ್ರ ಏನನ್ನೂ ಹೇಳಲಾರದಾಗಿತ್ತು.

ರಸಾಯನಜ್ಞರು ಈ ಬಣ್ಣದ ಒಡಲೇನೆಂಬುದನ್ನು ಅರಿಯದೆ ಇಷ್ಟು ದೀರ್ಘಕಾಲ ಕಳೆದುದಕ್ಕೆ ಅವರ ಅನಾಸಕ್ತಿ ಕಾರಣವಲ್ಲ. ನೀರಿನಲ್ಲಿ ಅತಿಯಾಗಿ ಕರಗುವ ಈ ವಸ್ತು ಹರಳುಗಟ್ಟಲೊಲ್ಲದು, ಹರಳಿಲ್ಲದೆ ಎಕ್ಸ್ ಕಿರಣಗಳಿಂದ ರಚನೆಯನ್ನು ಓದುವಂತಿಲ್ಲ.

1995ರಲ್ಲಿ ಜರ್ಮನಿಯ ಬೀಲೆಫೆಲ್ಡ್ ವಿಶ್ವವಿದ್ಯಾನಿಲಯದ ಅಖಿಮ್ ಮ್ಯೂಲರ್ ಮತ್ತು ಸಂಗಡಿಗರಿಗೆ ಹರಳು ದೊರೆತಾಗ, ಅದರಲ್ಲಿ ಕಂಡದ್ದು 154 ಮಾಲಿಬ್ಡಿನಮ್ ಪರಮಾಣುಗಳ ಒಂದು ಚಕ್ರ. ಎಂಟು, ಎರಡು, ಒಂದು ಪರಮಾಣುಗಳ ಮೂರು ಬಗೆಯ ಘಟಕಗಳು ತಲಾ ಹದಿನಾಲ್ಕರಂತೆ ಕೂಡಿ ಆದ ಬಳೆಯದು. ವ್ಯಾಸ ಸುಮಾರು 3.4 ನ್ಯಾನೊಮೀಟರ್. ಕೆಲವು ಪರಮಾಣುಗಳ ಪಾಲಿಗೆ ಬಂದ ಹೆಚ್ಚಿನ ಎಲೆಕ್ಟ್ರಾನುಗಳು ಒಂದೆಡೆ ನಿಲ್ಲದೆ ನೆರೆಯ ಪರಮಾಣುಗಳ ಕಡೆಗೂ ಸಂಚರಿಸುವುದರಿಂದಲೇ ಆ ನೀಲಿ.

1998ರಲ್ಲಿ ಅದೇ ತಂಡವು 132 ಪರಮಾಣುಗಳ ಟೊಳ್ಳು ಗೋಳವೊಂದನ್ನು ಪ್ರಕಟಿಸಿ, ಖಗೋಳಜ್ಞ ಕೆಪ್ಲರನ ನೆನಪಿಗೆ ಕೆಪ್ಲರೇಟ್ ಎಂದು ಹೆಸರಿಟ್ಟಿತು. ಇದರ ಸಂಶ್ಲೇಷಣೆಯ ಸರಳತೆ ನನಗಂತೂ ಗೋಳಕ್ಕಿಂತಲೂ ಅಚ್ಚರಿಯದು. ಅಮೋನಿಯಂ ಮಾಲಿಬ್ಡೇಟನ್ನೂ ಅಮೋನಿಯಂ ಅಸಿಟೇಟನ್ನೂ ನೀರಿನಲ್ಲಿ ಕರಗಿಸಿ, ಹೈಡ್ರಜೀನ್ ಸಲ್ಫೇಟನ್ನು ಹಾಕಿ ಹತ್ತು ನಿಮಿಷ ಕಲಕಿದರೆ ನೀಲಿಹಸುರು ಬಣ್ಣ ಬರುತ್ತದೆ. ಅಸಿಟಿಕ್ ಆಮ್ಲವನ್ನು ಬೆರೆಸಿದ ಮೇಲೆ ಬೀಕರನ್ನು ಮುಚ್ಚದೆ, ಕಲಕದೆ, ಕಾಯಿಸದೆ ಸುಮ್ಮನೆ ಇಟ್ಟುಬಿಡಬೇಕು. ದ್ರಾವಣ ಮೆಲ್ಲಮೆಲ್ಲನೆ ಕಡುಕಂದಾಗಿ, ನಾಲ್ಕು ದಿನಗಳಲ್ಲಿ ಕೆಂಗಂದು ಹರಳುಗಳು ತಳಕ್ಕಿಳಿಯುತ್ತವೆ. ಆರಾರು ಪರಮಾಣುಗಳ ಹನ್ನೆರಡು ಪಂಚಕೋನಗಳನ್ನು ಮೂವತ್ತು ಜೋಡಿಗಳು ಬೆಸೆದಿರುವ ಈ ಗೋಳದಲ್ಲಿ ಹೆಚ್ಚಿನ ಎಲೆಕ್ಟ್ರಾನುಗಳು ಆ ಜೋಡಿಗಳಲ್ಲಿಯೇ ಕಟ್ಟುಬಿದ್ದಿರುವುದರಿಂದ ನೀಲಿಯ ಸುಳಿವಿಲ್ಲ.

2002ರಲ್ಲಿ 368 ಪರಮಾಣುಗಳ, ನಿಂಬೆಹಣ್ಣಿನ ಆಕಾರದ ಗುಚ್ಛವೂ ಬಂದಿತು. ಮರುವರ್ಷ, ನೀರಿನಲ್ಲಿ ಕರಗಿದ ಚಕ್ರಗಳು ಸಾವಿರಕ್ಕೂ ಮಿಕ್ಕು ಒಂದುಗೂಡಿ, ಸುಮಾರು 45 ನ್ಯಾನೊಮೀಟರ್ ತ್ರಿಜ್ಯದ ಪೊಳ್ಳು ಗೋಳಗಳಾಗುತ್ತವೆಂದು ಬೆಳಕಿನ ಚದರಿಕೆಯ ಅಧ್ಯಯನ ತೋರಿಸಿಕೊಟ್ಟಿತು. ಹೀಗಿರಲು, ಈ ನೀಲಿಯನ್ನು ಹಿಂದಿನವರು ಕಲಿಲವೆಂದು, ಎಂದರೆ ನೀರಿನಲ್ಲಿ ಹರಡಿದ ಸೂಕ್ಷ್ಮ ಕಣಗಳ ಮಿಶ್ರಣವೆಂದು, ಬಗೆದುದು ನಿರಾಧಾರವಾಗಿರಲಿಲ್ಲ.