ಮೊಳೆಹಲಗೆಯ ತಾಯಿಪ್ರತಿ

ಬ್ಯಾಡಗಿಯ ನನ್ನ ಸ್ನೇಹಿತರೊಬ್ಬರು, ಮೆಣಸಿನಕಾಯಿ ವ್ಯಾಪಾರಿಗಳು, ಅಟ್ಟದಿಂದ ಒಂದು ಗೋಲಿಯಾಟದ ಹಲಗೆಯನ್ನು ಇಳಿಸಿದರು. “ಮಾಸ್ತರ್ರ, ಇದು ವಿಲಾಯತಿ ಮೊದಲನೇ ಮಾದರಿ ಅಂತಾರ. ಮಾರಿದರ ಲಕ್ಷ ಬರತೈತಂತ, ಖರೇ ಏನ್ರಿ?” ಎಂದರು. ಹಳಗನ್ನಡದ ಪಾಠ ಹೇಳುವವನಿಗೆ ಇದೆಂಥ ಪರೀಕ್ಷೆ!

ಈ ಆಟದ ವಂಶಾವಳಿ ದೊಡ್ಡದು. ಫ್ರಾನ್ಸಿನ ಬಗಾಟೆಲ್ ಹಲಗೆಯನ್ನು ಸುಧಾರಿಸಿ, ಸ್ಪ್ರಿಂಗಿನ ಸಲಾಕೆ ಅಳವಡಿಸಿ, ಮಾಂಟೇಗ್ ರೆಡ್‌ಗ್ರೇವ್ ಎಂಬವನು ಅಮೆರಿಕದಲ್ಲಿ 1871ರಲ್ಲಿ ಪೇಟೆಂಟ್ ಪಡೆದನು. 1930ರ ದಶಕದಲ್ಲಿ ಅದಕ್ಕೆ ವಿದ್ಯುತ್ತು ಬಂದಿತು. 1947ರಲ್ಲಿ ಗಾಟ್ಲೀಬ್ ಕಂಪನಿಯ ‘ಹಂಪ್ಟಿ ಡಂಪ್ಟಿ’ ಯಂತ್ರಕ್ಕೆ ಗುಂಡನ್ನು ಹಿಮ್ಮೆಟ್ಟಿಸುವ ಆರು ರೆಕ್ಕೆಗಳು ಮೂಡಿದುವು. ಮರುವರ್ಷ ಸ್ಟೀವ್ ಕೋರ್ಡೆಕ್ ಎರಡೇ ರೆಕ್ಕೆಗಳನ್ನು ತಳದಲ್ಲಿಟ್ಟನು, ಅದೇ ರೂಢಿಯಾಯಿತು. ಇಂಥ ಯಂತ್ರಗಳ ಮೊದಲ ಮಾದರಿಯನ್ನು ಗುರುತಿಸುವವರು ಹೊಳಪಿಗೆ ಮರುಳಾಗುವುದಿಲ್ಲ. ಮುಚ್ಚಿದ ತೂತು, ಎಲ್ಲಿಗೂ ಸೇರದ ತಂತಿ, ಕೈಬರಹದ ಗುರುತುಗಳನ್ನು ಹುಡುಕುತ್ತಾರೆ. ಕರ್ತೃವಿನ ತಿದ್ದುಪಾಟು ಉಳಿಯುವುದು ಮೂಲದಲ್ಲಿ, ನಕಲಿನಲ್ಲಲ್ಲ. ಓಲೆಗರಿಯ ನ್ಯಾಯವೂ ಇದೇ ಅಲ್ಲವೇ?

ಬ್ಯಾಡಗಿಯ ಹಲಗೆಯಲ್ಲಿ ತಂತಿಯಿಲ್ಲ, ರೆಕ್ಕೆಯಿಲ್ಲ. ಬರೆದ ಅಂಕಿಗಳು ಕನ್ನಡದವು. ವಿಲಾಯತಿಯ ಮಾತು ಅಲ್ಲಿಗೇ ಬಿದ್ದಿತು. ಆದರೆ ಒಂಬತ್ತು ಮೊಳೆಗಳ ಪಕ್ಕದಲ್ಲಿ ಅರಗು ತುಂಬಿದ ಹಳೆಯ ತೂತುಗಳಿದ್ದುವು! ಹಾವೇರಿಯ ಅವರ ಬೀಗರ ಮನೆಯಲ್ಲಿ ಇದರ ಜೋಡಿ ಹಲಗೆಯನ್ನು ಕಂಡೆ. ಮೊಳೆಗಳು ತಿದ್ದಿದ ಜಾಗದಲ್ಲೇ ಇವೆ. ಅರಗಿನ ಗುರುತು ಒಂದೂ ಇಲ್ಲ. ಎರಡನ್ನೂ ಮಾಡಿದವರು ರಾಣೇಬೆನ್ನೂರಿನ ಒಬ್ಬರೇ ಬಡಿಗರೆಂದು ಎರಡೂ ಮನೆಯ ಹಿರಿಯರು ಹೇಳಿದರು.

“ಲಕ್ಷ ಬರುವುದಿಲ್ಲ. ಆದರೆ ತಾಯಿಪ್ರತಿ ನಿಮ್ಮದೇ,” ಎಂದೆ.

ಸ್ನೇಹಿತರು ಅರಗಿನ ಮೇಲೆ ಬೆರಳಾಡಿಸಿದರು. “ಹಂಗಾದರ ಮಾರೂದು ಬ್ಯಾಡ ಬಿಡ್ರಿ,” ಎಂದು ಹಲಗೆಯ ಧೂಳು ಒರೆಸತೊಡಗಿದರು.