ಫರ್ಲೋ

ಡಚ್ಚರ 'ಫೆರ್ಲಾಫ್' ಅಂದರೆ ರಜೆ. ಅದು ಇಂಗ್ಲಿಷ್ ಸಿಪಾಯಿಗಳ ಬಾಯಿಗೆ ಬಿದ್ದು ಫರ್ಲೋ ಆಯಿತು, ಈಸ್ಟ್ ಇಂಡಿಯಾ ಕಂಪನಿಯ ಹಿಂದೆಯೇ ಇಲ್ಲಿಗೂ ಬಂತು. ಮಿಷನರಿ ಕುಟುಂಬಗಳಿಗೆ ಅದು ವರ್ಷಗಟ್ಟಲೆ ದುಡಿದ ಮೇಲೆ ಸಿಗುತ್ತಿದ್ದ ಊರ ದಾರಿ. ಹೆಸರಿಗಷ್ಟೇ ರಜೆ; ಅಲ್ಲೂ ಚರ್ಚಿನಿಂದ ಚರ್ಚಿಗೆ ಅಲೆದು ಭಾಷಣ ಮಾಡಬೇಕಿತ್ತು, ಚಂದಾ ಎತ್ತಬೇಕಿತ್ತು. 1853ರಲ್ಲಿ ಬಂದ ಬಾಸೆಲ್ ಮಿಷನ್ನಿನ ಕಿಟೆಲ್ ಕೂಡ ನಡುವೆ ಜರ್ಮನಿಗೆ ಹೋಗಿ ಬಂದವರೇ.

ನಮ್ಮ ನಗರದ ಕಡೆ ಆಷಾಢಕ್ಕೆ ಬ್ಯಾಗು ಹಿಡಿದು ಬಸ್ಸಿಳಿಯುವ ಹೊಸ ಮದುಮಗಳನ್ನು ಎಲ್ಲಿಗೆಂದು ಕೇಳಿದರೆ, 'ತವರಿಗೆ' ಅನ್ನುತ್ತಾಳೆ. ಫರ್ಲೋಗೆ ಅದೇ ಕನ್ನಡವೆನ್ನೋಣವೇ? ಮಂಗಳೂರಲ್ಲೋ ಧಾರವಾಡದಲ್ಲೋ ಹುಟ್ಟಿದ ಮಿಷನರಿ ಮಕ್ಕಳಿಗೆ ತವರು ಇಲ್ಲೇ ಇತ್ತಲ್ಲ! ಈಗಂತೂ ಪತ್ರಿಕೆಗಳಲ್ಲಿ ಫರ್ಲೋ ಕಾಣುವುದು ಹೆಚ್ಚಾಗಿ ಕೈದಿಗಳ ರಜೆಯ ಸುದ್ದಿಯಲ್ಲಿ.