ಕಾರ್ಯಭಾರವೆಂಬ ಕತ್ತರಿ: ಸಿಂಧನೂರು, ಲಿಂಗಸುಗೂರು, ಮಸ್ಕಿಯ ಬಿ.ಎ. ವಿದ್ಯಾರ್ಥಿಗಳು

2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ರಾಜ್ಯದ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತೆತ್ತಿದಾಗ ಹಲವೆಡೆ ವಿದ್ಯಾರ್ಥಿಗಳು ಬೀದಿಗಿಳಿದರು. ಪಟ್ಟಿಯಲ್ಲಿದ್ದ ಕೊಪ್ಪಳ ವಿಶ್ವವಿದ್ಯಾಲಯ ರಾಯಚೂರು ಜಿಲ್ಲೆಯ ಸಿಂಧನೂರಿಗೆ ನೆರೆಯದೇ. ಕಾರಟಗಿ ಹೊಕ್ಕರೆ ಕೊಪ್ಪಳ ಜಿಲ್ಲೆ. ವಿಶ್ವವಿದ್ಯಾಲಯ ಮುಚ್ಚುವ ವಿಷಯದಲ್ಲಿ ಬೊಟ್ಟು ಮಾಡಿ ತೋರಿಸಲು ಒಂದು ಸಮಿತಿಯಿತ್ತು, ಒಂದು ಪಟ್ಟಿಯಿತ್ತು. ಸಿಂಧನೂರು, ಲಿಂಗಸುಗೂರು, ಮಸ್ಕಿಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಕಲಾ ವಿಭಾಗಕ್ಕೆ ಬೀಳುವ ಕತ್ತರಿಗೆ ಅಂಥ ಗುರುತಿಲ್ಲ. ಈ ಕಾಲೇಜುಗಳು ಗುಲಬರ್ಗಾ ವಿಶ್ವವಿದ್ಯಾಲಯದ ತೆಕ್ಕೆಯಿಂದ ರಾಯಚೂರು ವಿಶ್ವವಿದ್ಯಾಲಯಕ್ಕೆ ಬಂದವು. ಅದಕ್ಕೀಗ ಆದಿಕವಿ ಮಹರ್ಷಿ ವಾಲ್ಮೀಕಿಯ ಹೆಸರು. ಯಾವ ವಿಶ್ವವಿದ್ಯಾಲಯವಿದ್ದರೂ ತರಗತಿಯ ಅಳಿವು ಉಳಿವನ್ನು ನಿರ್ಧರಿಸುವ ಪದ ಮಾತ್ರ ಒಂದೇ: ಕಾರ್ಯಭಾರ.

ಈ ಊರುಗಳಲ್ಲಿ ‘ಆರ್ಟ್ಸ್’ ಎಂದರೆ ಕುಂಚವೂ ಅಲ್ಲ, ತಂಬೂರಿಯೂ ಅಲ್ಲ. ಎಚ್‌ಇಪಿ, ಎಚ್‌ಇಕೆ. ಇತಿಹಾಸ, ಅರ್ಥಶಾಸ್ತ್ರ ಎರಡರ ಜೊತೆಗೆ ರಾಜ್ಯಶಾಸ್ತ್ರವೋ ಐಚ್ಛಿಕ ಕನ್ನಡವೋ. ಒಂದು ಐಚ್ಛಿಕಕ್ಕೆ ವಾರಕ್ಕೆ ಎಷ್ಟು ಗಂಟೆ ಪಾಠ ಎಂದು ಲೆಕ್ಕ ಹಾಕಿ, ಕಾಯಂ ಅಧ್ಯಾಪಕರಿಗೆ ಕೊಟ್ಟು ಮಿಕ್ಕ ಗಂಟೆಗಳನ್ನು ಅತಿಥಿ ಉಪನ್ಯಾಸಕರಿಗೆ ಹಂಚುತ್ತಾರೆ. ಪ್ರವೇಶ ಇಳಿದರೆ ಗಂಟೆ ಇಳಿಯುತ್ತದೆ, ಗಂಟೆ ಇಳಿದರೆ ಉಪನ್ಯಾಸಕರಿಲ್ಲ, ಉಪನ್ಯಾಸಕರಿಲ್ಲದ ವಿಷಯವನ್ನು ಮುಂದಿನ ವರ್ಷ ಯಾರೂ ಕೇಳುವುದಿಲ್ಲ. ‘ಈ ವರ್ಷ ಆ ಕಾಂಬಿನೇಷನ್ ಇಲ್ಲಪಾ’ ಎಂದು ಪ್ರವೇಶದ ಮೇಜಿನ ಆಚೆಯಿಂದ ಒಂದು ಮಾತು ಬಂದರೆ ಕೆಲಸ ಮುಗಿಯಿತು. ಅದಕ್ಕೆ ಆದೇಶ ಸಂಖ್ಯೆ ಬೇಕಿಲ್ಲ.

ಈ ಗಂಟೆಗಳ ಲೆಕ್ಕ ಬದಲಿಸಿದ 2022ರ ಜನವರಿಯ ಸರ್ಕಾರಿ ತೀರ್ಮಾನವನ್ನು ಇಲ್ಲಿ ಬಿಡಿಸಿ ನೋಡಬೇಕು. ಅದುವರೆಗೆ ಅತಿಥಿ ಉಪನ್ಯಾಸಕರಿಗೆ ತಿಂಗಳಿಗೆ 11,000 ಅಥವಾ 13,000 ರೂಪಾಯಿ, ವಾರಕ್ಕೆ ಎಂಟು ಹತ್ತು ಗಂಟೆ ಪಾಠ. ಅವರ ಮುಷ್ಕರದ ನಂತರ ಸರ್ಕಾರ ಗೌರವಧನವನ್ನು ಅರ್ಹತೆ, ಅನುಭವ ನೋಡಿ 26,000ದಿಂದ 32,000ದವರೆಗೆ ಏರಿಸಿತು. ಜೊತೆಗೆ ಕಾರ್ಯಭಾರವನ್ನು 15 ಗಂಟೆಗೆ ಒಯ್ದಿತು. ಸಂಬಳ ಹೆಚ್ಚಿದ್ದು ನ್ಯಾಯವೇ. ಆದರೆ ಇಬ್ಬರು ಹಂಚಿಕೊಳ್ಳುತ್ತಿದ್ದ ಗಂಟೆಗಳು ಬಹುಮಟ್ಟಿಗೆ ಒಬ್ಬರ ಪಾಲಾದವು. ಅದೇ ಹೊತ್ತಿಗೆ, 2021–22ರಲ್ಲಿ, ರಾಷ್ಟ್ರೀಯ ಶಿಕ್ಷಣ ನೀತಿ ಮೂರು ಐಚ್ಛಿಕಗಳ ಹಳೆಯ ಕಟ್ಟನ್ನು ಬಿಚ್ಚಿತ್ತು. 2024–25ಕ್ಕೆ ಆ ನೀತಿ ಬಿಟ್ಟು ಮತ್ತೆ ಮೂರು ವರ್ಷದ ಪದವಿ, ಮೂರು ವಿಷಯ. ಚೌಕಟ್ಟು ಬದಲಾದಾಗೆಲ್ಲ ಗಂಟೆಗಳ ಲೆಕ್ಕ ಹೊಸದಾಗಿ ಶುರು.

ವಿದ್ಯಾರ್ಥಿಗಳ ಉತ್ತರ ಮನವಿ ಪತ್ರದ ರೂಪದಲ್ಲಿ ಬರುತ್ತದೆ. ‘ಮಾನ್ಯ ತಹಶೀಲ್ದಾರರ ಮೂಲಕ ಮಾನ್ಯ ಮುಖ್ಯಮಂತ್ರಿಗಳಿಗೆ’ ಎಂಬ ತಲೆಬರಹ. ಮೊದಲ ಬೇಡಿಕೆ ಉಪನ್ಯಾಸಕರ ನೇಮಕ, ನಂತರ ಹಾಸ್ಟೆಲ್, ಹಳ್ಳಿಗೆ ಬಸ್ಸು, ವಿದ್ಯಾರ್ಥಿವೇತನ. ಕಲೆಯನ್ನು ಉಳಿಸಿ ಎಂಬ ಘೋಷಣೆಯನ್ನು ಹುಡುಕುವವರಿಗೆ ಇದು ಸಪ್ಪೆ ಎನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಪಿಡಿಒ, ಪಿಎಸ್‌ಐ, ಕೆಎಎಸ್ ಪರೀಕ್ಷೆಗಳಿಗೆ ಬೇಕಾದದ್ದು ಇದೇ ಇತಿಹಾಸ, ಸಂವಿಧಾನ, ಅರ್ಥಶಾಸ್ತ್ರ. ಸಂವಿಧಾನದ 371(ಜೆ) ವಿಧಿಯಡಿ ಈ ಭಾಗಕ್ಕೆ ಸಿಕ್ಕ ಮೀಸಲಾತಿಯ ನಂತರ ಆ ಆಸೆಗೆ ನೆಲೆಯೂ ಸಿಕ್ಕಿದೆ. ಕಾಲೇಜಿನಲ್ಲಿ ಪಾಠ ನಿಂತರೆ ಕೈಲಾದವರು ಧಾರವಾಡದ ಕೋಚಿಂಗ್‌ಗೆ ಹೊರಡುತ್ತಾರೆ. ಭತ್ತದ ನಾಟಿಗೆ ಹೋಗಿ ಶುಲ್ಕ ಹೊಂದಿಸುವ ಹುಡುಗಿಗೆ ಆ ಬಸ್ಸು ಇಲ್ಲ. ಧರಣಿಯ ಫೋಟೊದಲ್ಲಿ ಕಾಣದ ಈ ಅಂತರವೇ ಕಡಿತದ ನಿಜವಾದ ಅಳತೆ ಎಂದು ನನ್ನ ಎಣಿಕೆ.

ಮನವಿಗಳಲ್ಲಿ ಇರದ ಒಂದು ಸಂಗತಿ ಮಸ್ಕಿಯಲ್ಲಿದೆ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಎಂಜಿನಿಯರ್ ಸಿ. ಬೀಡನ್ ಇಲ್ಲಿನ ಗುಡ್ಡದಲ್ಲಿ ಶಾಸನವೊಂದನ್ನು ಕಂಡ. ಅದೇ ವರ್ಷ ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿ ಅದನ್ನು ಹೈದರಾಬಾದ್ ಸಂಸ್ಥಾನದ ಪುರಾತತ್ವ ಮಾಲೆಯಲ್ಲಿ ಪ್ರಕಟಿಸಿದರು. ದೇವಾನಾಂಪ್ರಿಯ ಯಾರೆಂಬುದನ್ನು ಅಶೋಕನ ಹೆಸರು ಹಿಡಿದೇ ಹೇಳಿದ ಬಂಡೆ ಅದು. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ ಪುರಾತತ್ವಜ್ಞ ಆಲ್ಚಿನ್ ಅಗೆದ ನವಶಿಲಾಯುಗದ ನೆಲೆಯೂ ಹತ್ತಿರದ್ದೇ. ಇತಿಹಾಸದ ಅತಿಥಿ ಉಪನ್ಯಾಸಕರೊಬ್ಬರು ಮಕ್ಕಳನ್ನು ಆ ಬಂಡೆಯ ಮುಂದೆ ಕೂರಿಸಿ ಬ್ರಾಹ್ಮಿಯ ನಾಲ್ಕು ಅಕ್ಷರ ಓದಿಸಿದರೂ, ವೇಳಾಪಟ್ಟಿಯಲ್ಲಿ ಇಲ್ಲದ ಆ ಗಂಟೆ ಹದಿನೈದರ ಲೆಕ್ಕಕ್ಕೆ ಸೇರದು.